ಆಟದ ಮೋಟಾರಿಗೆ ತಕ್ಕ ಬ್ಯಾಟರಿ

ಮಕ್ಕಳ ಆಟಿಗೆಗಳನ್ನು ನೋಡಿ ಕಾಲಮಾನವನ್ನು ಅರಿಯಬಹುದೆಂದು ಹೇಳಿದರೆ ತಪ್ಪಾಗಲಾರದು. ಗೋಕಾಕದ ಹೆಸರು ಆಟಿಗೆಗಳ ದೆಸೆಯಿಂದ ನಮ್ಮ ನಾಡಿನಲ್ಲಿ ಬಹು ಕಾಲದಿಂದ ಪ್ರಸಿದ್ಧವಾಗಿದೆ. ಹಗುರವಾದ ಮರವನ್ನು ಕೊರೆದು, ಬಣ್ಣ ಹಚ್ಚಿ, ನಿಜವಾದ ಹಣ್ಣೇ ಎಂಬ ಭ್ರಾಂತಿಯನ್ನು ಹುಟ್ಟಿಸುವ ಬಾಳೆ, ಮಾವು, ಬದನೆಗಳನ್ನು ಅಲ್ಲಿಯ ಕುಶಲರು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಅಂಥ ಆಟಿಗೆಯನ್ನು ಕೊಳ್ಳುವ ತಂದೆಯು ವಿಚಾರಿಸತಕ್ಕ ಸಂಗತಿಗಳು ಎರಡೇ: ಬೆಲೆ ಎಷ್ಟು, ಬಣ್ಣ ನಿಲ್ಲುವದೋ ಇಲ್ಲವೋ.

ಇಂದಿನ ಮಕ್ಕಳು ಕೇಳುವ ಆಟಿಗೆಯು ಬೇರೆ ತರದ್ದು. ಕೈಯಲ್ಲಿ ಒಂದು ಚಿಕ್ಕ ಯಂತ್ರವನ್ನು ಹಿಡಿದು ಗುಂಡಿಯನ್ನು ಒತ್ತಿದರೆ, ದೂರದಲ್ಲಿರುವ ಮೋಟಾರು ಗಾಡಿಯು ರೇಡಿಯೋ ಅಲೆಗಳ ಆಜ್ಞೆಯಂತೆ ಓಡುವದು, ತಿರುಗುವದು, ನಿಲ್ಲುವದು. ಇದರ ಹೊಟ್ಟೆಯಲ್ಲಿರುವ ಲಿಥಿಯಂ ಪಾಲಿಮರ್ ಬ್ಯಾಟರಿಯೇ ಇದರ ಪ್ರಾಣ. ಬಳಕೆಯಲ್ಲಿ ಇದಕ್ಕೆ ಲಿಪೊ ಎಂದು ಹೆಸರು. ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿದ್ದುಕೊಂಡು ದೂರದ ಊರಿನ ವ್ಯಾಪಾರಿಯಿಂದ ಇದನ್ನು ತರಿಸಿಕೊಳ್ಳುವ ಗೃಹಸ್ಥನಿಗೆ ಮೊದಲೇ ಕೈಯಲ್ಲಿ ಹಿಡಿದು ನೋಡುವ ಅನುಕೂಲತೆಯಿಲ್ಲ. ಚಿತ್ರವನ್ನೂ ಅದರ ಮೇಲಿನ ಅಂಕಿಗಳನ್ನೂ ನೋಡಿಯೇ ಅವನು ಹಣ ಕೊಡಬೇಕು. ಆ ಅಂಕಿಗಳ ಅರ್ಥವನ್ನು ತಿಳಿಯದವನು ದೊಡ್ಡ ಅಂಕಿಯುಳ್ಳದ್ದೇ ಒಳ್ಳೆಯದೆಂದು ಭಾವಿಸುವದು ಸಹಜ. ಆದರೆ ಈ ಭಾವನೆಯು ಸರಿಯಾದುದಲ್ಲ. ಚಿಕ್ಕ ಬಂಡಿಗೆ ಬಲಿಷ್ಠವಾದ ಹೋರಿಗಳನ್ನು ಹೂಡಿದರೆ ಬಂಡಿಯು ಬೇಗನೆ ಊರು ಸೇರುವದಿಲ್ಲ, ನೊಗ ಮುರಿಯುವದು. ಗಾಡಿ, ಬ್ಯಾಟರಿ, ಚಾರ್ಜರು, ಮನೆಯವರ ಎಚ್ಚರಿಕೆ — ಈ ನಾಲ್ಕೂ ಒಂದಕ್ಕೊಂದು ಹೊಂದಿರಬೇಕು. ಹೊಂದಿದ್ದರೆ ಆಟ, ಹೊಂದದಿದ್ದರೆ ಹಣವೂ ಹಾಳು, ಕೆಲವೊಮ್ಮೆ ಮನೆಗೂ ಅಪಾಯ. ಆದುದರಿಂದ ಈ ವಿಷಯವನ್ನು ಕ್ರಮವಾಗಿ ವಿಚಾರಿಸೋಣ.

ಬ್ಯಾಟರಿಯ ಹುಟ್ಟು ಮತ್ತು ಸ್ವಭಾವ

೧೮೦೦ರಲ್ಲಿ ಇಟಲಿಯ ಅಲೆಸ್ಸಾಂದ್ರೋ ವೋಲ್ಟಾ ಎಂಬ ಪಂಡಿತನು ಎರಡು ಬಗೆಯ ಲೋಹದ ಬಿಲ್ಲೆಗಳನ್ನು, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು, ಒಂದರ ಮೇಲೊಂದು ಪೇರಿಸಿ ವಿದ್ಯುತ್ಪ್ರವಾಹವನ್ನು ಪಡೆದನು. ವಿದ್ಯುತ್ತಿನ ಒತ್ತಡವನ್ನು ಅಳೆಯುವ ವೋಲ್ಟ್ ಎಂಬ ಮಾನಕ್ಕೆ ಅವನ ಹೆಸರೇ ಬಂದಿದೆ. ೧೮೧೭ರಲ್ಲಿ ಸ್ವೀಡನ್ ದೇಶದ ಆರ್ಫ್‌ವೆಡ್ಸನ್ ಎಂಬವನು ಒಂದು ಜಾತಿಯ ಕಲ್ಲಿನಲ್ಲಿ ಲಿಥಿಯಂ ಇರುವದನ್ನು ಕಂಡುಹಿಡಿದನು. ಲೋಹಗಳಲ್ಲೆಲ್ಲ ಅತ್ಯಂತ ಹಗುರವಾದ ಈ ಲೋಹಕ್ಕೆ ಗ್ರೀಕ್ ಭಾಷೆಯ ‘ಕಲ್ಲು’ ಎಂಬ ಶಬ್ದದಿಂದಲೇ ಹೆಸರು ಬಂದಿತು. ನಮ್ಮ ಕರ್ನಾಟಕದಲ್ಲಿಯೂ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಟಣಗಳ ಕಡೆಗೆ ಸುಮಾರು ೧,೬೦೦ ಟನ್ ಲಿಥಿಯಂ ಇರುವದೆಂದು ಪ್ರಾಥಮಿಕ ಸಮೀಕ್ಷೆಯಿಂದ ಅಂದಾಜು ಮಾಡಿರುವದಾಗಿ ಕೇಂದ್ರ ಸರಕಾರವು ೨೦೨೧ರಲ್ಲಿ ತಿಳಿಸಿತು.

ಈ ಲೋಹವನ್ನು ಮತ್ತೆ ಮತ್ತೆ ತುಂಬಿ ಬಳಸುವ ಬ್ಯಾಟರಿಗೆ ಒಗ್ಗಿಸುವದು ಸುಲಭವಾಗಲಿಲ್ಲ. ಅನೇಕರ ಪರಿಶ್ರಮದ ತರುವಾಯ ೧೯೯೧ರಲ್ಲಿ ಜಪಾನಿನ ಸೋನಿ ಕಂಪನಿಯು ಲಿಥಿಯಂ-ಅಯಾನ್ ಬ್ಯಾಟರಿಯನ್ನು ಪೇಟೆಗೆ ತಂದಿತು. ಇದಕ್ಕೆ ತಳಹದಿಯನ್ನು ಹಾಕಿದ ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೊಶಿನೊ ಎಂಬ ಮೂವರಿಗೆ ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಲಿಪೊ ಬ್ಯಾಟರಿಯು ಇದೇ ಮನೆತನಕ್ಕೆ ಸೇರಿದ್ದು. ಭೇದವಿಷ್ಟೇ: ಇದರ ಕೋಶಗಳು ಗಟ್ಟಿಯಾದ ಲೋಹದ ಡಬ್ಬಿಯೊಳಗಿರದೆ, ಅಲ್ಯುಮಿನಿಯಮ್ ಮತ್ತು ಪ್ಲಾಸ್ಟಿಕ್ ಪದರಗಳ ತೆಳುವಾದ ಚೀಲದೊಳಗೆ ಇರುತ್ತವೆ. ಒಳಗೆ ಧನ ಮತ್ತು ಋಣ ಹಾಳೆಗಳು, ಅವೆರಡರ ನಡುವೆ ಪೊರೆಯಂಥ ಒಂದು ಪರದೆ, ಮತ್ತು ಬೆಂಕಿ ಹತ್ತಬಲ್ಲ ದ್ರವ ಅಥವಾ ಲೋಳೆ ಇರುವವು.

ಇದರ ಗುಣವೂ ದೋಷವೂ ಇಲ್ಲಿಯೇ ಇವೆ. ಹಳೆಯ ನಿಕಲ್ ಜಾತಿಯ ಬ್ಯಾಟರಿಗೆ ಹೋಲಿಸಿದರೆ ಲಿಪೊ ಹಗುರ. ಅಷ್ಟೇ ತೂಕದಲ್ಲಿ ಹೆಚ್ಚು ಶಕ್ತಿಯನ್ನು ಹಿಡಿಯುತ್ತದೆ. ಬೇಕಾದಾಗ ಒಮ್ಮೆಲೇ ದೊಡ್ಡ ಪ್ರವಾಹವನ್ನು ಕೊಡುತ್ತದೆ. ಆದರೆ ಚೀಲವು ತೂತು ಬಿದ್ದರೆ, ಜಜ್ಜಿದರೆ, ಮಿತಿ ಮೀರಿ ತುಂಬಿದರೆ, ಒಳಗಿನ ಪರದೆಯು ಕೆಟ್ಟು ಎರಡು ಹಾಳೆಗಳೂ ಕೂಡುವವು. ಆಗ ಕಾವು, ಉಬ್ಬರ, ವಿಷದ ಹೊಗೆ, ಕಡೆಗೆ ಬೆಂಕಿ. ಒಲೆಯ ಬೆಂಕಿಗೆ ಹೆದರಿ ಯಾರೂ ಅಡಿಗೆಯನ್ನು ಬಿಡುವದಿಲ್ಲ. ಆದರೆ ಒಲೆಯನ್ನು ಹೇಗೆ ಇಡಬೇಕೆಂಬುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಲಿಪೊ ವಿಷಯದಲ್ಲಿಯೂ ಇಷ್ಟೇ ತಿಳಿವಳಿಕೆ ಬೇಕು.

ಜಲಪಾತದಿಂದ ಒಂದು ದೃಷ್ಟಾಂತ

ಬ್ಯಾಟರಿಯ ಮೇಲೆ ಮುಖ್ಯವಾಗಿ ಮೂರು ಅಂಕಿಗಳಿರುತ್ತವೆ: ವೋಲ್ಟ್, ಎಂಎಎಚ್, ಮತ್ತು ಸಿ. ಇವುಗಳ ಅರ್ಥವನ್ನು ತಿಳಿಯಲು ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ಗೋಕಾಕದ ಬಳಿಯಲ್ಲಿ ಘಟಪ್ರಭೆಯು ಸುಮಾರು ೧೭೦ ಅಡಿ ಎತ್ತರದಿಂದ ಧುಮುಕುವದನ್ನು ಎಲ್ಲರೂ ನೋಡಿರುವರು. ಅದೇ ನೀರಿನ ಬಲವನ್ನು ನೆಚ್ಚಿ ೧೮೮೭ರಲ್ಲಿ ಅಲ್ಲಿ ನೂಲಿನ ಗಿರಣಿಯು ನಡೆಯತೊಡಗಿತು. ಅದೇ ಹೊಳೆಗೆ ಮೇಲ್ಗಡೆಯಲ್ಲಿ, ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ, ರಾಜಾ ಲಖಮಗೌಡ ಜಲಾಶಯವಿದೆ.

ನೀರು ಎಷ್ಟು ಎತ್ತರದಿಂದ ಬೀಳುವದೆಂಬುದೇ ವೋಲ್ಟ್. ಎತ್ತರ ಹೆಚ್ಚಿದಷ್ಟೂ ರಭಸ ಹೆಚ್ಚು. ಜಲಾಶಯದಲ್ಲಿ ಕೂಡಿಟ್ಟ ನೀರೆಷ್ಟೆಂಬುದು ಎಂಎಎಚ್, ಅಂದರೆ ಮಿಲಿ-ಆಂಪಿಯರ್-ತಾಸು. ಸಂಗ್ರಹ ಹೆಚ್ಚಾದಷ್ಟೂ ಆಟವು ಹೆಚ್ಚು ಹೊತ್ತು ನಡೆಯುವದು. ಜಲಾಶಯದ ಬಾಗಿಲು ಎಷ್ಟು ಅಗಲವಾಗಿ ತೆರೆಯಬಲ್ಲದು, ಒಂದು ಕ್ಷಣದಲ್ಲಿ ಎಷ್ಟು ನೀರನ್ನು ಹೊರಗೆ ಬಿಡಬಲ್ಲದು ಎಂಬುದು ಸಿ. ಎತ್ತರ, ಸಂಗ್ರಹ, ಬಾಗಿಲು — ಈ ಮೂರನ್ನು ನೆನಪಿನಲ್ಲಿಟ್ಟರೆ ಯಾವ ವ್ಯಾಪಾರಿಯ ಮಾತಿಗೂ ಮರುಳಾಗುವ ಕಾರಣವಿಲ್ಲ.

ಮೊದಲನೆಯದು: ವೋಲ್ಟ್

ಲಿಪೊ ಕೋಶ ಒಂದರ ಸಾಮಾನ್ಯ ಒತ್ತಡವು ೩.೭ ವೋಲ್ಟ್. ಪೂರ್ಣವಾಗಿ ತುಂಬಿದಾಗ ೪.೨ ವೋಲ್ಟ್. ಇದಕ್ಕಿಂತ ಹೆಚ್ಚು ತುಂಬಲೂಬಾರದು. ಬಳಸುವಾಗ ೩ ವೋಲ್ಟಿಗಿಂತ ಕೆಳಗೆ ಇಳಿಸಲೂಬಾರದು. ಬ್ಯಾಟರಿಯ ಮೇಲೆ ‘೨ಎಸ್’ ಎಂದು ಬರೆದಿದ್ದರೆ ಎರಡು ಕೋಶಗಳನ್ನು ಸಾಲಾಗಿ ಜೋಡಿಸಲಾಗಿದೆ ಎಂದು ಅರ್ಥ, ಅದು ೭.೪ ವೋಲ್ಟಿನದು. ‘೩ಎಸ್’ ಎಂದರೆ ಮೂರು ಕೋಶಗಳು, ೧೧.೧ ವೋಲ್ಟ್.

ಈ ಅಂಕಿಯನ್ನು ನಿರ್ಣಯಿಸತಕ್ಕವನು ಕೊಳ್ಳುವವನೂ ಅಲ್ಲ, ಮಾರುವವನೂ ಅಲ್ಲ, ಗಾಡಿಯೇ. ಪ್ರತಿಯೊಂದು ಗಾಡಿಯಲ್ಲಿಯೂ ಬ್ಯಾಟರಿ ಮತ್ತು ಮೋಟಾರುಗಳ ನಡುವೆ ಇಎಸ್‌ಸಿ ಎಂಬ ವೇಗನಿಯಂತ್ರಕವಿರುತ್ತದೆ. ಅದು ಎಷ್ಟು ಕೋಶಗಳ ಬ್ಯಾಟರಿಯನ್ನು ತಾಳಬಲ್ಲದೆಂಬುದನ್ನು ಅದರ ಮೇಲೆ ಅಥವಾ ಗಾಡಿಯ ಸಂಗಡ ಬಂದ ಪುಸ್ತಿಕೆಯಲ್ಲಿ ಬರೆದಿರುತ್ತಾರೆ. ೨ಎಸ್ ಮಾತ್ರ ಎಂದು ಬರೆದ ಗಾಡಿಗೆ ೩ಎಸ್ ಹಾಕಿದರೆ ನಿಯಂತ್ರಕವು ಸುಟ್ಟುಹೋಗಬಹುದು. ಒಂದು ವೇಳೆ ಅದು ತಾಳಿದರೂ, ಮೋಟಾರಿನ ವೇಗವು ಮಿತಿ ಮೀರುವದು. ಒಂದು ವೋಲ್ಟಿಗೆ ನಿಮಿಷಕ್ಕೆ ೩,೦೦೦ ಸುತ್ತು ತಿರುಗುವ ಮೋಟಾರು ೭.೪ ವೋಲ್ಟಿನಲ್ಲಿ ೨೨,೨೦೦ ಸುತ್ತು, ೧೧.೧ ವೋಲ್ಟಿನಲ್ಲಿ ೩೩,೩೦೦ ಸುತ್ತು ತಿರುಗಲು ಹವಣಿಸುವದು. ಈ ಹೆಚ್ಚಳವನ್ನು ಹಲ್ಲುಗಾಲಿಗಳೂ ಅಚ್ಚುಗಳೂ ತಾಳಬೇಕಲ್ಲವೆ?

ಕೆಲವು ಬ್ಯಾಟರಿಗಳ ಮೇಲೆ ‘ಎಚ್‌ವಿ’ ಎಂಬ ಅಕ್ಷರಗಳಿರುತ್ತವೆ. ಇವುಗಳ ಕೋಶವನ್ನು ೪.೩೫ ವೋಲ್ಟಿನವರೆಗೆ ತುಂಬುವ ರೂಢಿಯಿದೆ. ಅದಕ್ಕೆ ಒಪ್ಪುವ ಚಾರ್ಜರು ಬೇರೆ; ಈ ಕ್ರಮವನ್ನು ಸಾಮಾನ್ಯ ಲಿಪೊ ಮೇಲೆ ಪ್ರಯೋಗಿಸಿದರೆ ಅದು ಬೆಂಕಿಯನ್ನು ಕರೆದಂತೆಯೇ ಸರಿ. ಹೊಸಬರು ಇದರ ಗೊಡವೆಗೆ ಹೋಗದಿರುವದು ಮೇಲು.

ಎರಡನೆಯದು: ಎಂಎಎಚ್

೫,೦೦೦ ಎಂಎಎಚ್ ಎಂದರೆ ೫ ಆಂಪಿಯರ್ ಪ್ರವಾಹವನ್ನು ಒಂದು ತಾಸು ಕೊಡಬಲ್ಲ ಸಂಗ್ರಹ. ಗಾಡಿಯು ಓಡುವಾಗ ಸರಾಸರಿ ೧೫ ಆಂಪಿಯರ್ ಎಳೆಯುವದೆಂದು ಇಟ್ಟುಕೊಳ್ಳೋಣ. ಆಗ ಲೆಕ್ಕಕ್ಕೆ ೨೦ ನಿಮಿಷಗಳ ಆಟ. ಆದರೆ ಸಂಗ್ರಹವನ್ನು ತಳದವರೆಗೆ ಬರಿದು ಮಾಡಬಾರದೆಂಬ ನಿಯಮವಿರುವದರಿಂದ, ನೂರಕ್ಕೆ ೮೦ರಷ್ಟನ್ನು ಮಾತ್ರ ಬಳಸಿದರೆ ೧೬ ನಿಮಿಷ. ಹುಡುಗನಿಗೆ ಇದು ಕಡಿಮೆಯೆನಿಸಬಹುದು. ಮೋಟಾರಿಗೂ ತಂಪಾಗಲು ಅವಕಾಶ ಬೇಕೆಂಬುದನ್ನು ಅವನಿಗೆ ತಿಳಿಸಿ ಹೇಳಬೇಕು.

ಸಂಗ್ರಹ ಹೆಚ್ಚಿದಂತೆ ಬ್ಯಾಟರಿಯ ಗಾತ್ರವೂ ತೂಕವೂ ಹೆಚ್ಚುವವು. ಆದುದರಿಂದ ಕೊಳ್ಳುವ ಮೊದಲು ಗಾಡಿಯೊಳಗೆ ಬ್ಯಾಟರಿಯನ್ನಿಡುವ ತಾಣದ ಉದ್ದ, ಅಗಲ, ಎತ್ತರಗಳನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಟ್ಟುಕೊಳ್ಳತಕ್ಕದ್ದು. ನಿಜವಾದ ಗಾಡಿಯ ಹತ್ತನೆಯ ಒಂದಂಶದ ಅಳತೆಯಲ್ಲಿ ಮಾಡಿದ ಆಟದ ಗಾಡಿಗಳಲ್ಲಿ ಸಾಮಾನ್ಯವಾಗಿ ೧೩೯ ಮಿಲಿಮೀಟರ್ ಉದ್ದ, ೪೭ ಅಗಲ, ೨೫ ಎತ್ತರದ ಬ್ಯಾಟರಿಯು ಹಿಡಿಸುತ್ತದೆ. ಕೆಲವು ಗಾಡಿಗಳಿಗೆ ೯೬ ಮಿಲಿಮೀಟರ್ ಉದ್ದದ ಗಿಡ್ಡ ಬ್ಯಾಟರಿಯೇ ಬೇಕು. ಬಲವಂತದಿಂದ ತುರುಕಿದ ಬ್ಯಾಟರಿಯು ಮೊದಲನೆಯ ಪಲ್ಟಿಗೇ ಜಜ್ಜಿಹೋಗುವದು.

ಇಲ್ಲಿಯೇ ಇನ್ನೊಂದು ಮಾತು. ಗಾಡಿಗಳಿಗೆ ಗಟ್ಟಿಯಾದ ಪ್ಲಾಸ್ಟಿಕ್ ಕವಚವುಳ್ಳ ಬ್ಯಾಟರಿಯನ್ನೇ ಆರಿಸಬೇಕು. ಬರಿಯ ಮೆತ್ತನೆಯ ಹೊದಿಕೆಯುಳ್ಳವು ಹಾರುವ ಯಂತ್ರಗಳಿಗೆ ಸರಿ. ಅಲ್ಲಿ ತೂಕವೇ ಮುಖ್ಯ. ನೆಲದ ಮೇಲೆ ಕಲ್ಲಿಗೆ ಬಡಿಯುವ ಗಾಡಿಗೆ ತೂಕಕ್ಕಿಂತ ರಕ್ಷಣೆಯು ಮುಖ್ಯ.

ಮೂರನೆಯದು: ಸಿ

ಸಿ ಎಂಬ ಅಂಕಿಯನ್ನು ಸಂಗ್ರಹದಿಂದ ಗುಣಿಸಿದರೆ ಬ್ಯಾಟರಿಯು ಕೊಡಬಲ್ಲ ಅತಿ ಹೆಚ್ಚಿನ ಪ್ರವಾಹವು ತಿಳಿಯುವದು. ೫,೦೦೦ ಎಂಎಎಚ್, ಅಂದರೆ ೫ ಆಂಪಿಯರ್-ತಾಸು. ಅದನ್ನು ೩೦ರಿಂದ ಗುಣಿಸಿದರೆ ೧೫೦ ಆಂಪಿಯರ್. ಅದೇ ೩೦ ಸಿ ಎಂಬ ಅಂಕಿಯು ೨,೨೦೦ ಎಂಎಎಚ್ ಬ್ಯಾಟರಿಯ ಮೇಲಿದ್ದರೆ ಕೇವಲ ೬೬ ಆಂಪಿಯರ್. ಆದುದರಿಂದ ಸಿ ಅಂಕಿಯೊಂದನ್ನೇ ನೋಡಿ ಎರಡು ಬ್ಯಾಟರಿಗಳನ್ನು ಹೋಲಿಸುವದು ಅರ್ಥವಿಲ್ಲದ ಕೆಲಸ. ಗಾಡಿಯು ಎಳೆಯುವದಕ್ಕಿಂತ ಬ್ಯಾಟರಿಯ ಸಾಮರ್ಥ್ಯವು ಹೆಚ್ಚಿದ್ದರೆ ಬಾಧಕವಿಲ್ಲ. ಗಾಡಿಯು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುವದು. ಕಡಿಮೆಯಿದ್ದರೆ ಬ್ಯಾಟರಿಯು ಕಾದು, ಉಬ್ಬಿ, ಅಲ್ಪಾಯುಷಿಯಾಗುವದು.

ಆದರೆ ಮೂರು ಅಂಕಿಗಳಲ್ಲಿ ಹೆಚ್ಚು ಉತ್ಪ್ರೇಕ್ಷೆಗೆ ಗುರಿಯಾದುದು ಇದೇ. ಎಲ್ಲ ತಯಾರಕರೂ ಒಪ್ಪಿ ನಡೆಯುವ ಒಂದೇ ಅಳತೆಯ ಕ್ರಮವು ಇದಕ್ಕೆ ಇಲ್ಲದಿರುವದರಿಂದ ಕೆಲವರು ೧೦೦, ೧೨೦ ಎಂದು ಮನಬಂದಂತೆ ಅಚ್ಚು ಹಾಕುತ್ತಾರೆ. ಇದಕ್ಕೆ ಗೃಹಸ್ಥನ ಕೈಯಲ್ಲಿರುವ ಒರೆಗಲ್ಲು ತಕ್ಕಡಿ. ದೊಡ್ಡ ಪ್ರವಾಹವನ್ನು ಕೊಡಲು ಒಳಗಿನ ಲೋಹದ ಹಾಳೆಗಳು ದಪ್ಪವಾಗಿಯೂ ಹೆಚ್ಚಾಗಿಯೂ ಇರಬೇಕು. ಆದುದರಿಂದ ತೂಕವು ಹೆಚ್ಚುವದು. ೫,೦೦೦ ಎಂಎಎಚ್, ೨ಎಸ್, ಗಟ್ಟಿ ಕವಚದ ಬ್ಯಾಟರಿಯು ಸುಮಾರು ೨೫೦ರಿಂದ ೩೦೦ ಗ್ರಾಂ ತೂಗುತ್ತದೆ. ಅದೇ ಅಂಕಿಗಳನ್ನು ಹೇಳಿಕೊಂಡು ಬಹಳ ಹಗುರವಾಗಿರುವದನ್ನು ಸಂಶಯದಿಂದಲೇ ನೋಡಬೇಕು. ತೂಕವನ್ನು ತಿಳಿಸದ ವ್ಯಾಪಾರಿಯನ್ನು ಕೇಳಿ ತಿಳಿದುಕೊಂಡು ಆಮೇಲೆ ಹಣ ಕಳಿಸತಕ್ಕದ್ದು.

ಕೂಡಿಸುವ ತುದಿಗಳು

ಬ್ಯಾಟರಿಯ ತಂತಿಯ ತುದಿಯಲ್ಲಿರುವ ಪ್ಲಗ್ಗು ಗಾಡಿಯ ಪ್ಲಗ್ಗಿಗೆ ಕೂಡಬೇಕು. ಹಳದಿ ಬಣ್ಣದ ಎಕ್ಸ್‌ಟಿ-೬೦, ಕೆಂಪು ಬಣ್ಣದ ಟಿ-ಪ್ಲಗ್ ಎಂಬವು ಹೆಚ್ಚಾಗಿ ಕಾಣುವವು. ಹಳೆಯ ಗಾಡಿಗಳಲ್ಲಿರುವ ಬಿಳಿಯ ತಮಿಯಾ ಪ್ಲಗ್ಗು ದೊಡ್ಡ ಪ್ರವಾಹಕ್ಕೆ ತಕ್ಕದ್ದಲ್ಲ. ಅದು ಕಾದು ಕರಗಬಹುದು. ಪ್ಲಗ್ಗನ್ನು ಬದಲಿಸಬೇಕಾದರೆ ಬೆಸುಗೆಯಲ್ಲಿ ಪಳಗಿದ ರೇಡಿಯೋ ದುರಸ್ತಿಯವರ ಕೈಯಿಂದ ಮಾಡಿಸುವದು ಒಳ್ಳೆಯದು. ಬ್ಯಾಟರಿಯ ಎರಡೂ ತಂತಿಗಳನ್ನು ಒಮ್ಮೆಲೇ ಕತ್ತರಿಸಿದರೆ ಕತ್ತರಿಯ ಮೂಲಕವೇ ಅವು ಕೂಡಿ ಕಿಡಿ ಹಾರುವದೆಂಬುದನ್ನು ಅವರಿಗೂ ನೆನಪು ಮಾಡಿಕೊಡಬೇಕು. ಒಂದನ್ನು ಕತ್ತರಿಸಿ, ಬೆಸೆದು, ಮುಚ್ಚಿದ ಬಳಿಕವೇ ಇನ್ನೊಂದನ್ನು ಮುಟ್ಟತಕ್ಕದ್ದು.

ದಪ್ಪ ತಂತಿಗಳ ಹೊರತಾಗಿ ಒಂದು ಬಿಳಿಯ ಚಿಕ್ಕ ಪ್ಲಗ್ಗೂ ಇರುತ್ತದೆ. ೨ಎಸ್ ಬ್ಯಾಟರಿಗೆ ಅದರಲ್ಲಿ ಮೂರು ಸಣ್ಣ ತಂತಿಗಳು, ೩ಎಸ್‌ಗೆ ನಾಲ್ಕು. ಪ್ರತಿಯೊಂದು ಕೋಶವನ್ನು ಬೇರೆ ಬೇರೆಯಾಗಿ ಅಳೆದು ಸಮನಾಗಿ ತುಂಬಲು ಇದು ಬೇಕಾಗುವದು.

ಚಾರ್ಜರೇ ಮೊದಲ ಖರ್ಚು

ಹಣವು ಮಿತವಾಗಿದ್ದರೆ ಮೊದಲು ಒಳ್ಳೆಯ ಚಾರ್ಜರನ್ನು ಕೊಂಡು, ಉಳಿದುದರಲ್ಲಿ ಬ್ಯಾಟರಿಯನ್ನು ಕೊಳ್ಳತಕ್ಕದ್ದು. ಚಾರ್ಜರು ಲಿಪೊ ಜಾತಿಗಾಗಿಯೇ ಮಾಡಿದ್ದಾಗಿರಬೇಕು, ಮತ್ತು ಕೋಶಗಳನ್ನು ಸಮತೋಲವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಆಗಿರಬೇಕು. ನಿಕಲ್ ಜಾತಿಯ ಚಾರ್ಜರಿಗೆ ಲಿಪೊ ಹಚ್ಚುವದೆಂದರೆ ಸೀಮೆಎಣ್ಣೆಯ ಸ್ಟೋವಿಗೆ ಪೆಟ್ರೋಲು ಹಾಕಿದಂತೆ.

ತುಂಬುವ ಪ್ರವಾಹವು ಸಂಗ್ರಹಕ್ಕೆ ಸಮನಾಗಿರಲಿ: ೫,೦೦೦ ಎಂಎಎಚ್ ಬ್ಯಾಟರಿಗೆ ೫ ಆಂಪಿಯರ್. ಹೀಗೆ ತುಂಬಿದರೆ ಒಂದು ತಾಸಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು. ೨ ಆಂಪಿಯರಿನ ಚಾರ್ಜರಾದರೆ ಎರಡೂವರೆ ತಾಸಿಗೂ ಮಿಕ್ಕಿ ಹಿಡಿಯುವದು. ಅವಸರವಿಲ್ಲದವರಿಗೆ ಅದೂ ಸರಿಯೇ. ವಿದ್ಯುತ್ತಿನ ಖರ್ಚಿನ ಚಿಂತೆ ಬೇಡ. ೭.೪ ವೋಲ್ಟಿನ ೫,೦೦೦ ಎಂಎಎಚ್ ಬ್ಯಾಟರಿಯು ಹಿಡಿಯುವದು ೩೭ ವ್ಯಾಟ್-ತಾಸು ಮಾತ್ರ. ಸೋರಿಕೆಯನ್ನು ಸೇರಿಸಿದರೂ ಒಂದು ಯುನಿಟ್ಟಿನಲ್ಲಿ ಸುಮಾರು ೨೦ ಸಲ ತುಂಬಬಹುದು. ಗೋಕಾಕ, ಮೂಡಲಗಿಗಳಿಗೆ ವಿದ್ಯುತ್ತನ್ನು ಕೊಡುವದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ. ಹುಕ್ಕೇರಿ ತಾಲೂಕಿನವರಾದರೆ ೧೯೬೯ರಲ್ಲಿ ಸ್ಥಾಪಿತವಾದ ತಮ್ಮ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಹೆಮ್ಮೆಯುಳ್ಳವರು. ದೇಶದಲ್ಲಿ ಈ ಬಗೆಯ ಮೊದಲ ಐದು ಸಂಘಗಳಲ್ಲಿ ಅದೊಂದು. ಯಾರ ತಂತಿಯಿಂದ ಬಂದರೂ ನಿಯಮವೊಂದೇ: ನಡುವೆ ವಿದ್ಯುತ್ತು ಹೋದರೆ ಚಾರ್ಜರಿನ ಸ್ವಿಚ್ಚನ್ನು ಆರಿಸಿ, ಮರಳಿ ಬಂದ ಮೇಲೆ ಕೋಶಗಳ ಸಂಖ್ಯೆಯನ್ನೂ ಪ್ರವಾಹವನ್ನೂ ಮತ್ತೊಮ್ಮೆ ನೋಡಿ, ಆಮೇಲೆ ಆರಂಭಿಸತಕ್ಕದ್ದು.

ಹಾಸಿಗೆಯ ಮೇಲೆ, ಬಟ್ಟೆಗಳ ಬಳಿ, ಮಲಗುವ ಕೋಣೆಯಲ್ಲಿ ಎಂದಿಗೂ ತುಂಬಬಾರದು. ಹೊರಗಿನ ಪಡಸಾಲೆಯ ಕಲ್ಲುಹಾಸಿನ ಮೇಲೆ, ಬಾಯಿ ತೆರೆದ ಮಣ್ಣಿನ ಕುಂಡದಲ್ಲಿ ಒಣ ಮರಳು ಹಾಕಿ, ಅದರ ಮೇಲಿಟ್ಟು ತುಂಬುವದು ಸುರಕ್ಷಿತ. ಹಿರಿಯರೊಬ್ಬರು ಸಮೀಪದಲ್ಲಿರಬೇಕು. ರಾತ್ರಿ ಹಚ್ಚಿಟ್ಟು ಮಲಗುವ ಅಭ್ಯಾಸವು ಸರ್ವಥಾ ಕೂಡದು.

ಬೇಸಿಗೆ, ಎರೆಮಣ್ಣು, ನೀರು

ನಮ್ಮ ಸೀಮೆಯ ಬೇಸಿಗೆಯನ್ನು ಲಿಪೊ ಮೆಚ್ಚುವದಿಲ್ಲ. ೪೫ ಡಿಗ್ರಿಗಿಂತ ಹೆಚ್ಚು ಕಾದಿರುವ ಬ್ಯಾಟರಿಯನ್ನು ತುಂಬಬಾರದು. ಆಡಿ ಬಂದ ಕೂಡಲೇ ಚಾರ್ಜರಿಗೆ ಹಚ್ಚದೆ, ನೆರಳಿನಲ್ಲಿ ಮುಟ್ಟಲು ತಣ್ಣಗಾಗುವವರೆಗೆ ಬಿಡಬೇಕು. ತಗಡಿನ ಮಾಡಿನ ಕೆಳಗೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡಬಾರದು. ಮೂಡಲಗಿಯ ಕಡೆಯ ಎರೆಭೂಮಿಯಲ್ಲಿ ಆಡಿದರೆ ಮೋಟಾರಿನ ಸಂದಿನಲ್ಲಿ ಮಣ್ಣು ಸೇರಿ, ಅದು ಬಿಗಿಯಾಗಿ ತಿರುಗಿ, ಹೆಚ್ಚು ಪ್ರವಾಹವನ್ನು ಎಳೆಯುವದು. ಬ್ಯಾಟರಿಯು ಕಾಯುವದಕ್ಕೆ ಇದೂ ಒಂದು ಕಾರಣ. ಆಟ ಮುಗಿದ ಮೇಲೆ ಬ್ಯಾಟರಿಯನ್ನು ತೆಗೆದು, ಗಾಡಿಯನ್ನು ಕುಂಚದಿಂದ ಝಾಡಿಸಿ ಇಡಬೇಕು. ನೀರಿನಲ್ಲಿ ಬಿದ್ದ ಬ್ಯಾಟರಿಯನ್ನು ತಿರುಗಿ ಬಳಸುವ ಆಸೆ ಬೇಡ.

ಹತ್ತು ದಿವಸ ಆಟವಿಲ್ಲವೆಂದು ಗೊತ್ತಾದರೆ ಬ್ಯಾಟರಿಯನ್ನು ತುಂಬಿಯೂ ಇಡಬಾರದು, ಬರಿದಾಗಿಯೂ ಇಡಬಾರದು. ಕೋಶವೊಂದಕ್ಕೆ ೩.೮ ವೋಲ್ಟ್, ಎಂದರೆ ೨ಎಸ್‌ಗೆ ೭.೬ ವೋಲ್ಟ್, ಇರುವಂತೆ ಮಾಡಿ ತಂಪಾದ ಸ್ಥಳದಲ್ಲಿ ಇಡತಕ್ಕದ್ದು. ಒಳ್ಳೆಯ ಚಾರ್ಜರುಗಳಲ್ಲಿ ಇದಕ್ಕೆಂದೇ ‘ಸ್ಟೋರೇಜ್’ ಎಂಬ ಏರ್ಪಾಡಿರುತ್ತದೆ. ಪರೀಕ್ಷೆಯ ಕಾಲದಲ್ಲಿ ಎರಡು ತಿಂಗಳು ಗಾಡಿಯನ್ನು ಮುಟ್ಟದ ವಿದ್ಯಾರ್ಥಿಗಳ ಬ್ಯಾಟರಿಗಳು ಈ ಒಂದು ಅಜಾಗರೂಕತೆಯಿಂದಲೇ ಕೆಡುವವು.

ಆಡುವಾಗ ಸಂಗ್ರಹವು ಮಿತಿಗಿಂತ ಇಳಿಯದಂತೆ ವೇಗನಿಯಂತ್ರಕವು ತಾನೇ ನಿಲ್ಲಿಸುತ್ತದೆ; ಆದರೆ ಅದನ್ನು ‘ಲಿಪೊ’ ಎಂಬ ಗುರುತಿಗೆ ಮೊದಲೇ ತಿರುಗಿಸಿರಬೇಕು. ಆ ಏರ್ಪಾಡಿಲ್ಲದ ಗಾಡಿಗೆ, ಚಿಕ್ಕ ಪ್ಲಗ್ಗಿಗೆ ಸಿಕ್ಕಿಸಿದರೆ ೩.೩ ವೋಲ್ಟಿಗೆ ಕೂಗಿ ಎಚ್ಚರಿಸುವ ಸಣ್ಣ ಗಂಟೆಯು ಅಲ್ಪ ಬೆಲೆಗೆ ದೊರೆಯುವದು.

ಮೂರು ಮನೆಗಳ ಉದಾಹರಣೆ

ಹೇಳಿದುದನ್ನು ಸ್ಪಷ್ಟಪಡಿಸಲು ಮೂರು ಮನೆಗಳನ್ನು ಕಲ್ಪಿಸಿಕೊಳ್ಳೋಣ. ಗೋಕಾಕದ ಒಂದು ಮನೆಯಲ್ಲಿ ಎಂಟು ವರ್ಷದ ಹುಡುಗನು ಗಾಡಿಯನ್ನು ಬೇಡುತ್ತಾನೆ. ಅವನಿಗೆ ಲಿಪೊ ಬೇಡವೇ ಬೇಡ. ಆರು ಕೋಶಗಳ ೭.೨ ವೋಲ್ಟಿನ ನಿಕಲ್-ಮೆಟಲ್-ಹೈಡ್ರೈಡ್ ಬ್ಯಾಟರಿಯಿಂದ ನಡೆಯುವ ಗಾಡಿಯೇ ಸಾಕು. ವೇಗವು ಕಡಿಮೆ, ಆದರೆ ಅದು ಒರಟು ಕೈಯನ್ನು ಹೆಚ್ಚು ಸಹಿಸುವದು.

ಮೂಡಲಗಿಯ ಇನ್ನೊಂದು ಮನೆಯಲ್ಲಿ ಹದಿನಾಲ್ಕು ವರ್ಷದವನಿದ್ದಾನೆ. ಹತ್ತನೆಯ ಒಂದಂಶದ ಅಳತೆಯ, ಬ್ರಶ್ ಮೋಟಾರಿನ ಗಾಡಿ. ನಿಯಂತ್ರಕದ ಮೇಲೆ ೨ಎಸ್ ಎಂದು ಬರೆದಿದೆ. ಅವನಿಗೆ ೭.೪ ವೋಲ್ಟ್, ೪,೦೦೦ರಿಂದ ೫,೦೦೦ ಎಂಎಎಚ್, ೩೦ರಿಂದ ೫೦ ಸಿ, ಗಟ್ಟಿ ಕವಚದ ಒಂದೇ ಬ್ಯಾಟರಿಯನ್ನು ಕೊಡಿಸಬೇಕು. ಎರಡನೆಯದನ್ನು, ಮೊದಲನೆಯದನ್ನು ಒಂದು ವರ್ಷ ಕೆಡದಂತೆ ಕಾಪಾಡಿದ ಬಳಿಕ ಕೊಡಿಸಿದರಾಯಿತು.

ಹುಕ್ಕೇರಿಯ ಮೂರನೆಯ ಮನೆಯಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬನು ಬ್ರಶ್‌ಲೆಸ್ ಮೋಟಾರಿನ ದೊಡ್ಡ ಗಾಡಿಯನ್ನು ಕೊಂಡಿದ್ದಾನೆ. ಅದು ೨ಎಸ್, ೩ಎಸ್ ಎರಡಕ್ಕೂ ಒಪ್ಪುತ್ತದೆ. ಅವನು ೫,೦೦೦ ಎಂಎಎಚ್, ೫೦ ಸಿ ಆಸುಪಾಸಿನ ೨ಎಸ್‌ನಿಂದಲೇ ಆರಂಭಿಸಿ, ಗಾಡಿಯು ಕೈಗೆ ಬಂದ ಮೇಲೆ ೩ಎಸ್‌ಗೆ ಏರುವದು ಒಳ್ಳೆಯದು. ಮೋಟಾರಿನ ಮೈಯು ಬೆರಳಿಡಲಾರದಷ್ಟು ಕಾದರೆ ವೇಗವು ಮಿತಿ ಮೀರಿತೆಂದು ತಿಳಿಯಬೇಕು. ಇಂಥ ಗಾಡಿಯನ್ನು ಜನರು ತಿರುಗಾಡುವ ಬೀದಿಯಲ್ಲಿ ಓಡಿಸದೆ, ಸುಗ್ಗಿ ಮುಗಿದ ಬಯಲು ಹೊಲಕ್ಕೆ ಒಯ್ಯತಕ್ಕದ್ದು.

ಈ ಮೂರರಲ್ಲಿಯೂ ಪಾರ್ಸಲು ಬಂದ ದಿವಸವೇ ಬ್ಯಾಟರಿಯನ್ನು ಪರೀಕ್ಷಿಸಬೇಕು. ಉಬ್ಬಿದ್ದರೆ, ಸಿಹಿಯಾದ ರಸಾಯನದ ವಾಸನೆಯಿದ್ದರೆ, ಕೋಶಗಳ ವೋಲ್ಟುಗಳಲ್ಲಿ ಹೆಚ್ಚು ಅಂತರವಿದ್ದರೆ, ತುಂಬದೆ ಹಿಂದಿರುಗಿಸುವ ಕ್ರಮವನ್ನು ವ್ಯಾಪಾರಿಯಿಂದ ಕೇಳಿ ತಿಳಿಯತಕ್ಕದ್ದು.

ಕೆಟ್ಟ ಮೇಲೆ

ಉಬ್ಬಿದ ಬ್ಯಾಟರಿಯನ್ನು ಚುಚ್ಚಿ ಗಾಳಿಯನ್ನು ಬಿಡುವ ಸಾಹಸವನ್ನು ಯಾರೂ ಮಾಡಬಾರದು. ಅದನ್ನು ಮನೆಯಿಂದ ಹೊರಗೆ, ಮರಳಿನ ಮೇಲೆ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಬೆಂಕಿ ಹತ್ತಿದರೆ ಮೊದಲು ಮಕ್ಕಳನ್ನು ದೂರ ಕಳಿಸಿ, ಸಾಧ್ಯವಿದ್ದರೆ ಮುಖ್ಯ ಸ್ವಿಚ್ಚನ್ನು ಆರಿಸಿ, ಹೊಗೆಯನ್ನು ಉಸಿರಾಡದೆ, ಮರಳನ್ನು ಸುರಿದು ಸುತ್ತಲಿನ ವಸ್ತುಗಳನ್ನು ರಕ್ಷಿಸಬೇಕು. ಬೆಂಕಿಯು ಕೈಮೀರಿದರೆ ಹೊರಗೆ ಬಂದು ೧೦೧ ಅಥವಾ ೧೧೨ಕ್ಕೆ ಫೋನು ಮಾಡತಕ್ಕದ್ದು. ಬಳಸಿ ಸತ್ತ ಬ್ಯಾಟರಿಯನ್ನು ತಿಪ್ಪೆಗೂ ಕಸದ ಗಾಡಿಗೂ ಹಾಕಬಾರದು. ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ನಿಯಮಗಳ ಪ್ರಕಾರ ಅದನ್ನು ಮನೆಯ ಕಸದಿಂದ ಬೇರ್ಪಡಿಸಿ, ಸಂಗ್ರಹಿಸುವವರಿ­ಗೆ ಅಥವಾ ಮರುಬಳಕೆ ಮಾಡುವವರಿಗೆ ಒಪ್ಪಿಸುವದು ಬಳಕೆದಾರನ ಹೊಣೆ.

ಇಷ್ಟೆಲ್ಲ ಜಾಗರೂಕತೆಯು ಒಂದು ಆಟಿಗೆಗೆ ಬೇಕೇ ಎಂದು ಕೆಲವು ವಾಚಕರು ಕೇಳಬಹುದು. ಬೇಡವೆನಿಸಿದವರು ಲಿಪೊ ಗಾಡಿಯನ್ನು ಕೊಳ್ಳದಿದ್ದರೆ ಯಾವ ಕೊರತೆಯೂ ಇಲ್ಲ. ಗೋಕಾಕದ ಬಣ್ಣದ ಹಣ್ಣುಗಳು ಇನ್ನೂ ಇವೆ. ಕೊಳ್ಳುವವರು ಮಾತ್ರ ಒಂದನ್ನು ನಿಶ್ಚಯಿಸಿಕೊಳ್ಳಲಿ: ಗಾಡಿಯು ಹುಡುಗನದು, ಬ್ಯಾಟರಿಯು ಮನೆಯ ಹಿರಿಯರದು. ಅವನ ಕೈಗೆ ಒಂದು ಚಿಕ್ಕ ವಹಿಯನ್ನು ಕೊಟ್ಟು, ಪ್ರತಿ ಸಲ ತುಂಬಿದಾಗಲೂ ಆಡಿ ಬಂದಾಗಲೂ ಕೋಶಗಳ ವೋಲ್ಟನ್ನು ತಾರೀಖು ಸಹಿತ ಬರೆಯಲು ಹೇಳಿದರೆ, ಆರು ತಿಂಗಳಲ್ಲಿ ಅವನು ಬ್ಯಾಟರಿಯ ನಾಡಿಯನ್ನು ಬಲ್ಲವನಾಗುವನು. ಕೋಶವೊಂದು ಸೋಲತೊಡಗಿದ್ದನ್ನು ಆ ವಹಿಯೇ ಮೊದಲು ಹೇಳುವದು. ಬ್ಯಾಟರಿಯನ್ನು ತ್ಯಜಿಸಬೇಕಾದ ದಿವಸವನ್ನು ಅವನೇ ಲೆಕ್ಕದಿಂದ ತೋರಿಸಿಕೊಟ್ಟರೆ, ಆ ಆಟಿಗೆಗೆ ಮಾಡಿದ ಖರ್ಚು ವ್ಯರ್ಥವಾಗಲಿಲ್ಲವೆಂದು ತಂದೆತಾಯಿಗಳು ನಿಶ್ಚಿಂತೆಯಿಂದ ತಿಳಿಯಬಹುದು.